ಮಕ್ಕಳ ಜೊತೆ ಐರಿಷ್ ಹಬ್ಬಕ್ಕೆ: ಪಿಟೀಲಿನ ಡೇರೆಯೋ, ಪಂಕ್ ವೇದಿಕೆಯೋ?

ಅಮೆರಿಕದ ಮಿಲ್ವಾಕಿಯಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ ಆಗಸ್ಟ್‌ನಲ್ಲಿ ನಡೆಯುವ ಐರಿಷ್ ಫೆಸ್ಟ್ ಶುರುವಾಗಿದ್ದು 1981ರಲ್ಲಿ. ಇಂಥ ಹಬ್ಬಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋದರೆ ಯಾವ ಕಡೆ ಕೂರುವುದು?

ಡೇರೆಯೊಳಗೆ ವಾದಕರು ಒಟ್ಟಿಗೆ ಕೂತು ನುಡಿಸುವ ಸಾಂಪ್ರದಾಯಿಕ ಸೆಷನ್‌ ಎಂದರೆ ಪಿಟೀಲು, ಟಿನ್ ವಿಸಲ್ ಎಂಬ ಪುಟ್ಟ ಕೊಳಲು, ತೊಡೆ ಮೇಲಿಟ್ಟು ಪುಟ್ಟ ಕೋಲಿನಿಂದ ಬಾರಿಸುವ ಬೌರಾನ್ ಎಂಬ ಚರ್ಮವಾದ್ಯ. ಮಗು ಮುಂದಿನ ಸಾಲಲ್ಲೇ ಕೂರಬಹುದು. ಬಾರಿಸುವವರ ಇನ್ನೊಂದು ಕೈ ಚರ್ಮದ ಹಿಂಬದಿ ಒತ್ತುತ್ತಾ ನಾದ ಏರಿಳಿಸುವುದು ಕಣ್ಣಿಗೇ ಕಾಣುತ್ತದೆ. ಆದರೆ ಹದಿನಾಲ್ಕರ ಹುಡುಗನಿಗೆ ಅರ್ಧ ಗಂಟೆಯಲ್ಲೇ ಆಕಳಿಕೆ.

ಪಂಕ್‌ನಲ್ಲಿ ಆ ಭಯವಿಲ್ಲ; ಅದು ಐರಿಷ್ ರಾಗಗಳನ್ನು ಅಬ್ಬರದ ರಾಕ್ ಜೊತೆ ಬೆರೆಸಿದ ಸಂಗೀತ. 1982ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪೋಗ್ಸ್ ತಂಡದ ಸ್ಪೈಡರ್ ಸ್ಟೇಸಿ ಬಿಯರ್ ಟ್ರೇಯನ್ನು ತಲೆಗೆ ಬಡಿದುಕೊಂಡು ತಾಳ ಹಾಕುತ್ತಿದ್ದ! ಡ್ರಾಪ್‌ಕಿಕ್ ಮರ್ಫೀಸ್, ಫ್ಲಾಗಿಂಗ್ ಮಾಲಿ ತಂಡಗಳೂ ಅದೇ ವಂಶ. ಇವರು ಹಬ್ಬಕ್ಕೆ ಹೊರಗಿನವರು ಅನ್ನುವುದನ್ನು ನಾನಂತೂ ಒಪ್ಪಲ್ಲ. ವಲಸೆ, ಕೂಲಿ, ಕುಡಿತ, ಬಂಡಾಯ ಎಲ್ಲ ಹಳೆಯ ಹಾಡುಗಳಲ್ಲೂ ಇದೆ. ತೊಂದರೆ ಇರುವುದು ವೇದಿಕೆ ಮುಂದಿನ ನೂಕಾಟದಲ್ಲಿ, ಬೈಗುಳದಲ್ಲಿ, ಮೈಮೇಲೆ ಚೆಲ್ಲುವ ಬಿಯರಿನಲ್ಲಿ.

ಐದಾರು ವರ್ಷದ ಕೂಸಿದ್ದರೆ ಮಧ್ಯಾಹ್ನದ ಡೇರೆಯೇ ಸರಿ. ಹದಿಹರೆಯದವರಿದ್ದರೆ ರಾತ್ರಿಯ ಪಂಕ್ ನೋಡಿ, ಆದರೆ ಹಿಂದುಗಡೆ ನಿಂತು. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.