ನೀರು ನುಗ್ಗುವ ಬೇಸ್‌ಮೆಂಟಿಗೆ ವಿಟ್ರಿಫೈಡ್ ಟೈಲ್ಸ್ ಮತ್ತು ಎಪಾಕ್ಸಿ ಗ್ರೌಟ್: ಹಲವು ಮಳೆಗಾಲಗಳ ಬಳಕೆಯ ನಂತರ

ಬೇಸ್‌ಮೆಂಟಿಗೆಂದು ‘ವಾಟರ್‌ಪ್ರೂಫ್’ ಹಣೆಪಟ್ಟಿ ಹೊತ್ತು ಬರುವ ನೆಲಹಾಸುಗಳಲ್ಲಿ ಹೆಚ್ಚಿನವು ಮೇಲಿಂದ ಚೆಲ್ಲಿದ ನೀರನ್ನಷ್ಟೇ ತಡೆಯುತ್ತವೆ. ಅಡಿಯಿಂದ ಏರುವ ತೇವ, ಸಂದಿನಲ್ಲಿ ಇಳಿದು ಕೆಳಗೇ ಕೂತುಬಿಡುವ ನೀರು ಬೇರೆಯೇ ಲೆಕ್ಕ. ಒಂದಕ್ಕೊಂದು ಲಾಕ್ ಆಗಿ ಕೂರುವ, ಕಲ್ಲುಪುಡಿ-ಪ್ಲಾಸ್ಟಿಕ್‌ನ ಎಸ್‌ಪಿಸಿ ಕ್ಲಿಕ್ ಹಲಗೆ ತಾನು ಉಬ್ಬುವುದಿಲ್ಲ, ನಿಜ. ಆದರೆ ಕೆಳಗೆ ನೀರು ಸೇರಿದರೆ ಇಡೀ ನೆಲ ಬಿಚ್ಚಿ ಒಣಗಿಸಬೇಕು. ಬಿಚ್ಚುವಾಗ ಲಾಕ್‌ಗಳು ಮುರಿಯುತ್ತವೆ. ಲ್ಯಾಮಿನೇಟ್, ಮರ, ಕಾರ್ಪೆಟ್ ಮಾತೇ ಬೇಡ. ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್ (ನೀರು ಹೀರದಷ್ಟು ಗಟ್ಟಿಯಾಗಿ ಸುಟ್ಟ ಟೈಲ್ಸ್), ಎಪಾಕ್ಸಿ ಗ್ರೌಟ್ (ಟೈಲ್ಸ್ ನಡುವಿನ ಸಂದು ತುಂಬುವ, ಎರಡು ಭಾಗ ಕಲಸಿ ಮಾಡುವ ರಾಳ) ಜೋಡಿ ತಡೆದುಕೊಂಡಿದೆ, ಹಾಕುವ ಕೆಲಸ ಸರಿಯಾಗಿದ್ದ ಕಡೆ ಮಾತ್ರ.

ಟೈಲ್ಸ್ ಪೆಟ್ಟಿಗೆಯಲ್ಲಿ ನೀರು ಹೀರುವ ಪ್ರಮಾಣ 0.5% ಅಥವಾ ಅದಕ್ಕಿಂತ ಕಡಿಮೆ ಎಂದಿರಬೇಕು. ಗೋಡೆಗೆ ಹಾಕುವ ಸೆರಾಮಿಕ್‌ನಲ್ಲಿ ಅದು 10% ದಾಟುತ್ತದೆ. ಜಾರದಿರಲು ಆರ್10 (ಜಾರುತಡೆಯ ದರ್ಜೆ, ಅಂಕಿ ಏರಿದಷ್ಟೂ ಹಿಡಿತ ಹೆಚ್ಚು) ಸಾಕು. ಆರ್11 ಇನ್ನೂ ಒರಟು, ಕೆಸರು ಕಚ್ಚಿಕೊಂಡು ಬ್ರಶ್ ಹಾಕಿ ತಿಕ್ಕಿಸುತ್ತದೆ. 600×600 ಮಿ.ಮೀ.ಗಿಂತ ದೊಡ್ಡ ಟೈಲ್ಸ್ ವಾಟಕ್ಕೆ, ಅಂದರೆ ನೀರು ಹರಿಯಲು ಕೊಡುವ ಇಳಿಜಾರಿಗೆ, ಬಗ್ಗುವುದಿಲ್ಲ, ಮೂಲೆ ಎದ್ದು ನಿಲ್ಲುತ್ತದೆ.

ಮೊದಲು ಕಾಂಕ್ರೀಟ್ ಪರೀಕ್ಷಿಸಿ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿಗಟ್ಟಿದರೆ, ಕಾಂಕ್ರೀಟ್ ಕಪ್ಪಾದರೆ ತೇವ ಅಡಿಯಿಂದ ಬರುತ್ತಿದೆ. ಅಂಥ ಕಡೆ ಎಪಾಕ್ಸಿ ಪೇಂಟ್ ಗುಳ್ಳೆ ಎದ್ದು ಸುಲಿಯುತ್ತದೆ, ಟೈಲ್ಸ್ ಸಹಿಸಿಕೊಳ್ಳುತ್ತದೆ. ಬಿರುಕಿನಿಂದ ನೀರು ಒತ್ತಿ ಬರುತ್ತಿದ್ದರೆ ಮಾತ್ರ ಯಾವ ನೆಲವೂ ನಿಲ್ಲದು. ನೀರೆತ್ತುವ ಗುಂಡಿ, ಪಂಪ್ ಮೊದಲು, ಚರಂಡಿ ಪೈಪಿಗೆ ನೀರು ವಾಪಸ್ ನುಗ್ಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಜೊತೆಗೇ. ಆ ಗುಂಡಿಯ ಕಡೆಗೆ ಮೀಟರಿಗೆ 10 ಮಿ.ಮೀ. ವಾಟ ಇರಲಿ, ಅದನ್ನು ಗಾರೆಯಲ್ಲೇ ಕೊಡಿಸಿ, ಅಂಟಿನಲ್ಲಿ ಅಲ್ಲ.

ಈ ನೆಲ ಕೆಡುವುದು ಟೈಲ್ಸ್‌ನಿಂದಲ್ಲ, ಅದರ ಅಡಿಯ ಟೊಳ್ಳಿನಿಂದ. ನಾಲ್ಕು ಮೂಲೆಗೆ, ನಡುವಿಗೊಂದು ಮುದ್ದೆ ಅಂಟು ಇಟ್ಟು ಒತ್ತುವ ಪದ್ಧತಿ ಇಲ್ಲಿ ನಡೆಯದು: ಟೊಳ್ಳಿನಲ್ಲಿ ನಿಂತ ನೀರು ವಾರಗಟ್ಟಲೆ ಜಿನುಗಿ ವಾಸನೆ ಹಿಡಿಸುತ್ತದೆ, ಆಮೇಲೆ ಟೈಲ್ಸ್ ಏಳುತ್ತದೆ. ಸಿ2 ದರ್ಜೆಯ (ಸಿಮೆಂಟ್ ಆಧಾರಿತ, ಹೆಚ್ಚು ಹಿಡಿತದ) ಅಂಟನ್ನು 10 ಮಿ.ಮೀ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಎಳೆಸಿ, ಟೈಲ್ಸ್‌ನ ಬೆನ್ನಿಗೂ ತೆಳ್ಳಗೆ ಬಳಿಸಿ. ಆಗಾಗ ಹಾಕಿದ ಟೈಲ್ಸ್ ಒಂದನ್ನು ಎತ್ತಿ ನೋಡಿ. 95% ಭಾಗಕ್ಕೆ ಅಂಟು ತಾಗಿರಬೇಕು. ಮೇಸ್ತ್ರಿ ಗೊಣಗಿದರೂ ಬಿಡಬೇಡಿ. ಚದರ ಮೀಟರಿಗೆ 6 ಕೆ.ಜಿ. ಅಂಟು, ತುಂಡಾಗುವುದಕ್ಕೆಂದು 10% ಹೆಚ್ಚು ಟೈಲ್ಸ್ ಹಿಡಿಯಿರಿ.

ಸಂದು 3 ಮಿ.ಮೀ. ಎಪಾಕ್ಸಿಯ ರೆಸಿನ್, ಹಾರ್ಡ್‌ನರ್ ಎರಡನ್ನೂ ಪೂರ್ತಿ ಪ್ಯಾಕ್ ಕಲಸಬೇಕು. ಕಣ್ಣಂದಾಜಿಗೆ ಅರ್ಧ ಮಾಡಿದರೆ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಕಲಸಿದ ಮೇಲೆ ಮುಕ್ಕಾಲು ಗಂಟೆ ಸಿಗುತ್ತದೆ, ಸೆಕೆಗೆ ಇನ್ನೂ ಕಡಿಮೆ. ಟೈಲ್ಸ್ ಮೇಲೆ ಉಳಿದ ಎಪಾಕ್ಸಿ ಪದರವನ್ನು ಬೆಚ್ಚನೆ ನೀರು, ನೈಲಾನ್ ಪ್ಯಾಡ್‌ನಿಂದ ಆಗಲೇ ಒರೆಸಿ, ಮರುದಿನಕ್ಕೆ ಬಿಟ್ಟರೆ ಹೋಗದು. ಗೋಡೆ ಸುತ್ತ 6 ಮಿ.ಮೀ., ನಡುವೆ 3 ಮೀಟರಿಗೊಂದು, ನೆಲ ಹಿಗ್ಗಿ ಕುಗ್ಗಲು ಬಿಡುವ ಸಂದಿಗೆ ಗ್ರೌಟ್ ಬೇಡ, ಸಿಲಿಕೋನ್ ತುಂಬಿಸಿ.

ಕೊರತೆಗಳೂ ಇವೆ. ಸಿಲಿಕೋನ್ ಬೂಷ್ಟು ಹಿಡಿದು ಕಪ್ಪಾಗಿ ಅಂಚು ಬಿಡುತ್ತದೆ, ಕೆಲವು ವರ್ಷಕ್ಕೊಮ್ಮೆ ಕಿತ್ತು ಹಾಕಬೇಕು. ಬಿಳಿ ಎಪಾಕ್ಸಿ ಹಳದಿಯಾಗುತ್ತದೆ, ಬೂದು ಬಣ್ಣ ವಾಸಿ. ಬರಿಗಾಲಿಗೆ ನೆಲ ತಣ್ಣಗೆ ಕೊರೆಯುತ್ತದೆ.

ನೀರು ಇಳಿದ ಕೂಡಲೇ, ಕೆಸರು ಒಣಗುವ ಮೊದಲೇ ತೊಳೆಯಿರಿ. ಬ್ಲೀಚ್ ಹಾಕುವುದಾದರೆ ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ಟೊಳ್ಳು ಸದ್ದು ಬಂದ ಟೈಲ್ಸ್‌ಗೆ ಗುರುತು ಹಾಕಿಕೊಳ್ಳಿ. ಅವನ್ನು ಬದಲಿಸಲು ಎಪಾಕ್ಸಿ ಸಂದನ್ನು ಕಟರ್‌ನಿಂದಲೇ ಕೊಯ್ಯಬೇಕು, ಪಕ್ಕದ ಅಂಚು ಚಕ್ಕೆ ಏಳುವುದುಂಟು. ಬ್ಯಾಚ್ ಬದಲಾದರೆ ಬಣ್ಣ ಕೂಡುವುದಿಲ್ಲ. ಅದೇ ಬ್ಯಾಚಿನ ಒಂದು ಪೆಟ್ಟಿಗೆ ಎತ್ತಿಡಿ, ಬೇಸ್‌ಮೆಂಟಿನಲ್ಲಲ್ಲ.