ಅಮೆರಿಕದ ಬಾತು ಬೇಟೆಯ ವಲಯ, ತಾರೀಕು: 60 ದಿನ ಸಾಕು, ತಕರಾರೆಲ್ಲ ಹಂಚಿಕೆಯದು

ಅಮೆರಿಕದಲ್ಲಿ ಬಾತು ಬೇಟೆಗೆ ಲೈಸೆನ್ಸ್ ತೆಗೆದುಕೊಂಡವರಿಗೆ ರಾಜ್ಯ ಕೊಡುವುದು ಮುಖ್ಯವಾಗಿ ಎರಡು: ತಾರೀಕುಗಳ ಒಂದು ಪಟ್ಟಿ, ವಲಯಗಳ ಒಂದು ನಕ್ಷೆ. ವಲಯ ಎಂದರೆ ಬೇಟೆಗೆ ತನ್ನದೇ ತಾರೀಕು ಇರುವ ರಾಜ್ಯದ ಒಂದು ಭಾಗ. ಇವೆರಡನ್ನೂ ದುಡ್ಡು ಕೊಟ್ಟು ಪಡೆಯುವ ಸೇವೆ ಎಂದುಕೊಂಡು ತೂಗಿ ನೋಡುವುದು ಈ ಬರಹದ ಕೆಲಸ. ಹೆಚ್ಚಿನ ಮಾತು ಮಿಸಿಸಿಪ್ಪಿ ಫ್ಲೈವೇಯ, ಅಂದರೆ ಆ ಹೆಸರಿನ ಹಕ್ಕಿಗಳ ವಲಸೆ ದಾರಿಯ, 14 ರಾಜ್ಯಗಳದ್ದು. ವಲಯದ ಗೆರೆಗಳ ಬಗ್ಗೆ ಬಿಸಿಬಿಸಿ ವಾದ ನಡೆಯುವುದು ಅಲ್ಲಿ.

ಮೊದಲಿಗೆ ಯಾರ ಕೈಯಲ್ಲಿ ಏನಿದೆ ಎಂಬುದು ಸ್ಪಷ್ಟವಾಗಿರಬೇಕು. ಅರ್ಧ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿರುತ್ತದೆ. ಎಷ್ಟು ದಿನ, ದಿನಕ್ಕೆ ಎಷ್ಟು ಹಕ್ಕಿ ಎಂಬ ಮೇಲ್ಮಿತಿಯನ್ನು ಹಾಕುವುದು ಕೇಂದ್ರದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್. 1918ರ ವಲಸೆ ಹಕ್ಕಿ ಕಾಯಿದೆ ಅದಕ್ಕೆ ಆ ಅಧಿಕಾರ ಕೊಟ್ಟಿದೆ. 1995ರಿಂದ ಅದು ಹಕ್ಕಿಗಳ ಸಂಖ್ಯೆ ಮತ್ತು ಮರಿ ಮಾಡುವ ನೆಲದ ನೀರಿನ ಸ್ಥಿತಿ ನೋಡಿ ಧಾರಾಳ, ಮಧ್ಯಮ, ಬಿಗಿ ಎಂಬ ಮೂರರಲ್ಲಿ ಒಂದನ್ನು ಆರಿಸುತ್ತದೆ, ತೀರಾ ಕೆಟ್ಟ ಕಾಲಕ್ಕೆ ಪೂರ್ತಿ ನಿಲುಗಡೆ. ಧಾರಾಳ ಬಂದರೆ ಮಿಸಿಸಿಪ್ಪಿ ಫ್ಲೈವೇಗೆ 60 ದಿನ, ದಿನಕ್ಕೆ 6 ಬಾತು. ಸೆಂಟ್ರಲ್ ಫ್ಲೈವೇಗೆ 74 ದಿನ, ಪೆಸಿಫಿಕ್‌ಗೆ 107. ಈ ದಿನಗಳನ್ನು ಸೆಪ್ಟೆಂಬರ್ 24ಕ್ಕೆ ಹತ್ತಿರದ ಶನಿವಾರದಿಂದ ಜನವರಿ 31ರ ಒಳಗೆ ಎಲ್ಲಿ ಬೇಕಾದರೂ ಇಡಬಹುದು. ಹಾಗೆ ಇಡುವ ಕೆಲಸ ಮಾತ್ರ ರಾಜ್ಯದ್ದು. 60ರ ಬದಲು 70 ದಿನ ಕೊಡಿ ಎಂದು ರಾಜ್ಯದ ಅಧಿಕಾರಿಯ ಮುಂದೆ ಕೂಗಾಡಿ ಫಲವಿಲ್ಲ, ಅವರ ಕೈಯಲ್ಲಿ ಅದಿಲ್ಲ.

ಸುಮಾರು 130 ದಿನಗಳ ಕಿಟಕಿಯಲ್ಲಿ 60 ದಿನ. ಆಯ್ಕೆ ಕಷ್ಟವಾಗುವುದು ಇಲ್ಲಿ. ನೀಲಿ ರೆಕ್ಕೆಯ ಟೀಲ್ ಎಂಬ ಸಣ್ಣ ಬಾತು ಚಳಿಯ ಸುಳಿವು ಸಿಕ್ಕರೆ ಸಾಕು, ಸೆಪ್ಟೆಂಬರಿನಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತದೆ. ಮ್ಯಾಲಾರ್ಡ್ ಎಂಬ ಬಾತು ಹಾಗಲ್ಲ. ಕಾಳು ಸಿಗುವಷ್ಟು ದಿನ, ತೆರೆದ ನೀರು ಇರುವಷ್ಟು ದಿನ ಅದು ಉತ್ತರದಲ್ಲೇ ತಳವೂರುತ್ತದೆ; ಹಿಮ ಗದ್ದೆಯನ್ನು ಮುಚ್ಚಿ ನೀರು ಹೆಪ್ಪುಗಟ್ಟಿದಾಗ ಒಮ್ಮೆಲೇ ಏಳುತ್ತದೆ. ಆಳವಿಲ್ಲದ ಜೌಗಿನ ಅಂಚಿನಲ್ಲಿ ಕೂರುವವರಿಗೆ ಬೇಗ ಶುರುವಾಗಬೇಕು, ಏಕೆಂದರೆ ಅವರ ನೀರು ಮೊದಲು ಗಟ್ಟಿಯಾಗುತ್ತದೆ. ದೊಡ್ಡ ನದಿಯಲ್ಲಿ ಡೆಕಾಯ್ (ಹಕ್ಕಿಯನ್ನು ಸೆಳೆಯುವ ನಕಲಿ ಬಾತು) ಬಿಡುವವರಿಗೆ ತಡವಾಗಿ ಮುಗಿಯಬೇಕು, ಸುತ್ತಲ ಕೆರೆಗಳು ಗಟ್ಟಿಯಾದ ಮೇಲೇ ಹಕ್ಕಿ ಅವರ ನದಿಗೆ ಬರುವುದು. ಇಬ್ಬರ ಮನೆ ನಡುವೆ 30 ಮೈಲಿ ಇರಬಹುದು, ಬೇಕಾದ ತಾರೀಕುಗಳ ನಡುವೆ ಮೂರು ವಾರ. ಇಬ್ಬರೂ ಹೇಳುತ್ತಿರುವುದು ಸರಿಯೇ. ವಲಯ ಎಂಬ ಏರ್ಪಾಡು ಹುಟ್ಟಿದ್ದು ಇದಕ್ಕಾಗಿ, ಅದರ ತರ್ಕಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆದರೆ ಮನಸ್ಸಿಗೆ ಬಂದಷ್ಟು ವಲಯ ಮಾಡುವಂತಿಲ್ಲ. ರಾಜ್ಯಗಳು ಬಳಸುವ ಮುಖ್ಯ ಆಯ್ಕೆಗಳು ಇವು: ನಾಲ್ಕು ವಲಯ, ಆದರೆ ಸ್ಪ್ಲಿಟ್ (ನಡುವೆ ಕೆಲವು ದಿನ ಮುಚ್ಚಿ ಸೀಸನ್ನನ್ನು ತುಂಡು ಮಾಡುವುದು) ಇಲ್ಲ; ಮೂರು ವಲಯ, ಪ್ರತಿಯೊಂದರಲ್ಲೂ ಸೀಸನ್ನನ್ನು ಎರಡು ತುಂಡು ಮಾಡಬಹುದು; ಅಥವಾ ವಲಯವೇ ಇಲ್ಲದೆ ಇಡೀ ರಾಜ್ಯಕ್ಕೆ ಮೂರು ತುಂಡು. ಇಲಿನಾಯ್ ಮೊದಲನೆಯದನ್ನು ಹಿಡಿದಿದೆ, ಮಿನೆಸೋಟ ಎರಡನೆಯದನ್ನು, ಆರ್ಕನ್ಸಾ ಮೂರನೆಯದನ್ನು. ಗೆರೆ ಒಮ್ಮೆ ಎಳೆದರೆ ಐದು ವರ್ಷ ಅಲುಗಾಡುವುದಿಲ್ಲ. 2021ರಿಂದ 2025ರದ್ದು ಒಂದು ಅವಧಿ, 2026ರಿಂದ 2030ರದ್ದು ಮುಂದಿನದು. ಗೆರೆಯನ್ನು ವರ್ಷವರ್ಷ ಸರಿಸಲು ಬಿಟ್ಟರೆ ರಾಜ್ಯಗಳು ಹಕ್ಕಿಯ ಹಿಂದೆಯೇ ಗೆರೆ ಎಳೆದುಕೊಂಡು ಹೋಗುತ್ತವೆ, ಬೇಟೆಯಾಗುವ ಹಕ್ಕಿಯ ಲೆಕ್ಕ ಕೈತಪ್ಪುತ್ತದೆ. ಐದು ವರ್ಷದ ಬೀಗ ಕಿರಿಕಿರಿಯಾದರೂ ನ್ಯಾಯವಾದದ್ದು.

ಈ ಸೇವೆಯಲ್ಲಿ ಅತಿ ಕಡಿಮೆ ಅರ್ಥವಾಗಿರುವ ಭಾಗ ಸ್ಪ್ಲಿಟ್. ನಡುವೆ ಮುಚ್ಚಿದ ದಿನಗಳನ್ನು ಕಳೆದುಕೊಂಡೆವು ಎಂದು ಹಲವರು ಗೊಣಗುತ್ತಾರೆ. ಮುಚ್ಚಿದ ದಿನ 60ರ ಲೆಕ್ಕಕ್ಕೆ ಬರುವುದೇ ಇಲ್ಲ. ವಾರವಿಡೀ ದುಡಿಯುವವರಿಗೆ ಎಣಿಕೆಗೆ ಬರುವುದು ವಾರಾಂತ್ಯ ಮಾತ್ರ, ಆ ಲೆಕ್ಕದಿಂದಲೇ ನೋಡಬೇಕು. ಶನಿವಾರ ಶುರುವಾಗಿ ಒಂದೇ ಉಸಿರಿಗೆ 60 ದಿನ ಓಡಿದರೆ ಸೀಸನ್ ಮಂಗಳವಾರ ಮುಗಿಯುತ್ತದೆ, ಸಿಗುವುದು 9 ವಾರಾಂತ್ಯ. ಅದನ್ನೇ 9 ದಿನ ಮತ್ತು 51 ದಿನ ಎಂದು ಎರಡು ತುಂಡು ಮಾಡಿ, ಎರಡೂ ಶನಿವಾರ ಶುರುವಾಗಿ ಭಾನುವಾರ ಮುಗಿಯುವಂತೆ ಇಟ್ಟರೆ 10 ವಾರಾಂತ್ಯ. ಮೂರನೆಯ ತುಂಡು ಮಾಡಿದರೆ ಹನ್ನೊಂದನೆಯ ವಾರಾಂತ್ಯ ಸಿಗುತ್ತದೆಯೇ? ಇಲ್ಲ, ಹತ್ತೇ, ಜೊತೆಗೆ ಐದು ದಿನ ಮಿಗುತ್ತವೆ. 74 ದಿನದ ಸೆಂಟ್ರಲ್ ಫ್ಲೈವೇಯಲ್ಲೂ ಹೀಗೆಯೇ: ತುಂಡಿಲ್ಲದಿದ್ದರೆ 11, ಎರಡು ತುಂಡಾದರೆ 12, ಮೂರಾದರೂ 12. ವಾರಾಂತ್ಯವೇ ಗುರಿಯಾದರೆ ಎರಡನೆಯ ತುಂಡಿಗೆ ಬೆಲೆಯಿದೆ, ಮೂರನೆಯದಕ್ಕೆ ಇಲ್ಲ.

2024ರಲ್ಲಿ ಮಿನೆಸೋಟ ಇಟ್ಟ ತಾರೀಕು ಈ ಲೆಕ್ಕಕ್ಕೆ ಕನ್ನಡಿ ಹಿಡಿದ ಹಾಗಿದೆ. ಉತ್ತರ ವಲಯ ಸೆಪ್ಟೆಂಬರ್ 21ರಿಂದ ನವೆಂಬರ್ 19ರವರೆಗೆ ಒಂದೇ ಓಟ. ಮಧ್ಯ ವಲಯ ಸೆಪ್ಟೆಂಬರ್ 21ರಿಂದ 29, ಆಮೇಲೆ ಅಕ್ಟೋಬರ್ 5ರಿಂದ ನವೆಂಬರ್ 24. ದಕ್ಷಿಣ ವಲಯದ ಮೊದಲ ತುಂಡೂ ಅದೇ 9 ದಿನ, ಎರಡನೆಯದು ಮಾತ್ರ ಇನ್ನೊಂದು ವಾರ ತಡೆದು ಅಕ್ಟೋಬರ್ 12ರಿಂದ ಡಿಸೆಂಬರ್ 1ರವರೆಗೆ. ಉತ್ತರದಲ್ಲಿ ತುಂಡು ಮಾಡದಿರುವುದು ಜಾಣತನ. ಅಲ್ಲಿನ ಸಣ್ಣ ಕೆರೆಗಳು ನವೆಂಬರಿನಲ್ಲಿ ಗಟ್ಟಿಯಾಗುತ್ತವೆ, ಕೊನೆಗೆ ಉಳಿಸಿಟ್ಟ ದಿನ ಮಂಜುಗಡ್ಡೆಯ ಪಾಲು. ದಕ್ಷಿಣದಲ್ಲಿ ಅಕ್ಟೋಬರಿನ ಮಂಕು ದಿನಗಳನ್ನು ಮುಚ್ಚಿ ಡಿಸೆಂಬರಿಗೆ ಕೈ ಚಾಚಿದ್ದಾರೆ. ಸ್ಥಳೀಯ ಹಕ್ಕಿ ಬೆದರಿ ಚದುರಿದೆ, ಉತ್ತರದ ಹಕ್ಕಿ ಇನ್ನೂ ಬಂದಿಲ್ಲ ಎನ್ನುವ ಸಮಯ ಅದು. ಮುಚ್ಚಿದ ದಿನಗಳಲ್ಲಿ ಬಾತುಗಳು ಮತ್ತೆ ಹಗಲು ಹೊತ್ತಿನಲ್ಲಿ ಜೌಗಿಗೆ ಇಳಿಯತೊಡಗುತ್ತವೆ ಎನ್ನುವುದು ಸ್ಪ್ಲಿಟ್ ಪರ ಇರುವವರ ವಾದ. ಅಷ್ಟರಲ್ಲಿ ಚಳಿ ಗಾಳಿ ಬೀಸಿ ಹೊಸ ಹಕ್ಕಿ ಬಂದು ಹೊರಟೂ ಹೋದರೆ ಎನ್ನುವುದು ವಿರೋಧಿಗಳ ಭಯ. ಐದು ದಿನದ ಸ್ಪ್ಲಿಟ್ಟಿಗೆ ಆ ಅಪಾಯ ಕಡಿಮೆ. ಹನ್ನೆರಡು ದಿನದ್ದಕ್ಕೆ ಹೆಚ್ಚು, ಅದೂ ಅಕ್ಟೋಬರಿನ ಕೊನೆಗೆ ಬಂದರೆ ತೀರಾ ಹೆಚ್ಚು.

ಆರ್ಕನ್ಸಾದ ದಾರಿಯೇ ಬೇರೆ. 2024-25ರಲ್ಲಿ ಅಲ್ಲಿ ನವೆಂಬರ್ 23ರಿಂದ ಡಿಸೆಂಬರ್ 2, ಡಿಸೆಂಬರ್ 10ರಿಂದ 23, ಡಿಸೆಂಬರ್ 27ರಿಂದ ಜನವರಿ 31. ಕೂಡಿದರೆ ಸರಿಯಾಗಿ 60 ದಿನ, ವಾರಾಂತ್ಯ ಮಾತ್ರ 9. ಒಂದನ್ನು ಬಿಟ್ಟುಕೊಟ್ಟು ಅವರು ಕೊಂಡದ್ದು ಜನವರಿಯ ಕೊನೆಯ ದಿನವನ್ನು. ನೀರು ತುಂಬಿದ ಕಾಡಿನಲ್ಲಿ ಮ್ಯಾಲಾರ್ಡ್‌ಗೆ ಕಾಯುವವರಿಗೆ ಅದು ಒಪ್ಪಿಗೆಯ ವ್ಯಾಪಾರ. ಜನವರಿ 31ರ ಗಡಿ ಬಂದದ್ದು 2019ರ ಡಿಂಗೆಲ್ ಕಾಯಿದೆಯಿಂದ. ಅದಕ್ಕೂ ಮುಂಚೆ ಜನವರಿಯ ಕೊನೆಯ ಭಾನುವಾರವೇ ಗಡಿಯಾಗಿತ್ತು. ಇನ್ನೂ ಮುಂದೆ, ಫೆಬ್ರವರಿಗೆ ತಳ್ಳಿ ಎಂಬ ಬೇಡಿಕೆ ದಕ್ಷಿಣದಲ್ಲಿ ಕೇಳಿಬರುತ್ತಲೇ ಇರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಮ್ಯಾಲಾರ್ಡ್‌ಗಳು ಜೋಡಿ ಕಟ್ಟಿರುತ್ತವೆ, ಆಗ ಬೀಳುವ ಹೆಣ್ಣು ಬರುವ ವಸಂತದ ಗೂಡನ್ನೂ ಕೊಂಡೊಯ್ಯುತ್ತದೆ.

ನಕ್ಷೆಗೆ ಬಂದರೆ ಮೆಚ್ಚುಗೆ ಕಡಿಮೆಯಾಗುತ್ತದೆ. ಹಕ್ಕಿಗೆ ಸಂಬಂಧಿಸಿದ್ದು ನೀರಿನ ಆಳ. ಗೆರೆ ಎಳೆಯುವುದು ಮಾತ್ರ ಹೆದ್ದಾರಿಗಳ ಮೇಲೆ. ಕಾರಣವೂ ಇದೆ: ಬೇಟೆಗಾರನಿಗೂ ನಿಯಮ ಪಾಲನೆ ನೋಡುವ ವಾರ್ಡನ್‌ಗೂ ಕತ್ತಲಲ್ಲಿ ಕಣ್ಣಿಗೆ ಕಾಣುವ ಗುರುತು ಬೇಕು. ಹೆದ್ದಾರಿ ಜೌಗನ್ನು ಸೀಳಿಕೊಂಡು ಹೋದರೆ ಒಂದೇ ನೀರಿನ ಎರಡು ದಡಕ್ಕೆ ಎರಡು ತಾರೀಕು ಬರುತ್ತದೆ. ಒಂದು ದಡದಲ್ಲಿ ಗುಂಡು, ಇನ್ನೊಂದರಲ್ಲಿ ಹಕ್ಕಿಗಳ ಆಶ್ರಯ. ವಿಸ್ಕಾನ್ಸಿನ್‌ನ ಓಪನ್ ವಾಟರ್ ವಲಯ ಇದಕ್ಕೆ ತದ್ವಿರುದ್ಧ ಪ್ರಯೋಗ. ಲೇಕ್ ಮಿಷಿಗನ್ ಮತ್ತು ಗ್ರೀನ್ ಬೇಯಲ್ಲಿ ದಡದಿಂದ 500 ಅಡಿ ಆಚೆಯ ನೀರೆಲ್ಲ ಬೇರೆ ವಲಯ. ತಡವಾಗಿ ಬರುವ ಡೈವರ್ (ನೀರಿನಲ್ಲಿ ಮುಳುಗಿ ಮೇಯುವ) ಬಾತುಗಳಿಗೆ ಸರಿಯಾಗಿ ಹೊಂದುವ ಆಲೋಚನೆ ಇದು, ಆದರೆ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ಅಲ್ಲಿ ದೋಣಿ ಲಂಗರು ಹಾಕುವವರು ದೂರ ಅಳೆಯುವ ರೇಂಜ್‌ಫೈಂಡರ್‌ನಿಂದ ದಡಕ್ಕೆ ಗುರಿಯಿಟ್ಟು 167 ಗಜ ದಾಟಿದೆಯೇ ಎಂದು ನೋಡಿಕೊಳ್ಳಬೇಕು, ಗಾಳಿಗೆ ದೋಣಿ ಸರಿದಂತೆಲ್ಲ ಮತ್ತೆ ಅಳೆಯಬೇಕು.

ಗಡಿಯ ಹತ್ತಿರ ಕೂರುವವರು ಫೋನಿನ ಬಣ್ಣದ ನಕ್ಷೆಯನ್ನೇ ನಂಬಿಕೊಳ್ಳಬಾರದು. ನಿಯಮ ಪುಸ್ತಿಕೆಯಲ್ಲಿ ಗಡಿಯನ್ನು ಮಾತಿನಲ್ಲಿ ಬರೆದಿರುತ್ತದೆ, ಈ ಹೆದ್ದಾರಿಯಿಂದ ಆ ನದಿಯವರೆಗೆ ಎಂದು. ಅದನ್ನು ಓದಿ, ಕೂರುವ ಜಾಗಕ್ಕೆ ಹೋಲಿಸಿ ನೋಡಬೇಕು. ವಲಯ ದಾಟಿದರೆ ದಿನದ ಮಿತಿ ಹೊಸದಾಗುವುದಿಲ್ಲ: ಬೆಳಿಗ್ಗೆ ಒಂದು ವಲಯದಲ್ಲಿ ನಾಲ್ಕು ಹೊಡೆದವರಿಗೆ ಸಂಜೆ ಪಕ್ಕದ ವಲಯದಲ್ಲಿ ಉಳಿಯುವುದು ಎರಡೇ. ಆ ಆರರೊಳಗೆ ಮ್ಯಾಲಾರ್ಡ್ ನಾಲ್ಕು, ಅದರಲ್ಲಿ ಹೆಣ್ಣು ಎರಡು ಮೀರಬಾರದು. ರಾಜ್ಯವೇ ಬದಲಾದರೆ ಎಚ್‌ಐಪಿ (ವಲಸೆ ಹಕ್ಕಿ ಬೇಟೆಯ ಲೆಕ್ಕ ಇಡುವ ಕಾರ್ಯಕ್ರಮ) ನೋಂದಣಿಯನ್ನು ಆ ರಾಜ್ಯದಲ್ಲಿ ಬೇರೆಯಾಗಿ ಮಾಡಿಸಬೇಕು. ಹಕ್ಕಿಯನ್ನು ಸಾಗಿಸುವಾಗ ತಲೆಯನ್ನೋ ಪುಕ್ಕ ತುಂಬಿದ ಒಂದು ರೆಕ್ಕೆಯನ್ನೋ ಹಾಗೇ ಬಿಟ್ಟಿರಬೇಕು.

ವಲಯಗಳು ಹೆಚ್ಚಿದಷ್ಟೂ ಓಡಾಡಬಲ್ಲವರಿಗೆ ಲಾಭ ಎಂಬ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲಾಗದು. ನಾಲ್ಕು ವಲಯದ ಇಲಿನಾಯ್‌ನಲ್ಲಿ ಉತ್ತರದ ವಲಯ ಅಕ್ಟೋಬರಿನಲ್ಲಿ ಶುರುವಾಗಿ, ದಕ್ಷಿಣದ್ದು ಜನವರಿಯಲ್ಲಿ ಮುಗಿಯುತ್ತದೆ. ದೋಣಿ ಎಳೆದುಕೊಂಡು ಹೋಗುವ ಪುರುಸೊತ್ತು ಇದ್ದವರಿಗೆ 60 ದಿನ ಎಂಬುದು ಹೆಸರಿಗಷ್ಟೆ.

ಈ ಇಡೀ ಏರ್ಪಾಡಿನಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಭಾಗ ಎಂದರೆ ಡಕ್ ಸ್ಟ್ಯಾಂಪ್, ಬಾತು ಬೇಟೆಗಾರರು ಕೊಳ್ಳಬೇಕಾದ ಕೇಂದ್ರದ ಪರವಾನಗಿ ಚೀಟಿ. 1934ರಲ್ಲಿ ಶುರುವಾದದ್ದು, ಈಗ ಬೆಲೆ 25 ಡಾಲರ್, 16 ತುಂಬಿದವರೆಲ್ಲ ಕೊಳ್ಳಲೇಬೇಕು, ಡಾಲರಿಗೆ 98 ಸೆಂಟ್ ಜೌಗು ನೆಲ ಕೊಳ್ಳುವುದಕ್ಕೂ ಗುತ್ತಿಗೆಗೂ ಹೋಗುತ್ತದೆ. ಮೊದಲು ಇ-ಸ್ಟ್ಯಾಂಪ್‌ಗೆ 45 ದಿನವಷ್ಟೇ ಆಯುಸ್ಸು, ಅಷ್ಟರಲ್ಲಿ ಕಾಗದದ್ದು ಅಂಚೆಯಲ್ಲಿ ಬರಬೇಕಿತ್ತು. 2023ರ ತಿದ್ದುಪಡಿಯಿಂದ ಇ-ಸ್ಟ್ಯಾಂಪ್ ಇಡೀ ಸೀಸನ್‌ಗೆ ಸಾಕು. ಕಾಗದದ ಸ್ಟ್ಯಾಂಪನ್ನೇ ಒಯ್ಯುವವರು ಅದರ ಮುಖದ ಮೇಲೆ ಶಾಯಿಯಲ್ಲಿ ಸಹಿ ಹಾಕಿರಬೇಕು. ಸಹಿಯಿಲ್ಲದ ಸ್ಟ್ಯಾಂಪ್ ವಾರ್ಡನ್ ಮುಂದೆ ಲೆಕ್ಕಕ್ಕಿಲ್ಲ.

ಸೇವೆಯ ಅತಿ ದುರ್ಬಲ ಕೊಂಡಿ ಸಾರ್ವಜನಿಕ ಅಭಿಪ್ರಾಯ ಕೇಳುವ ವಿಧಾನ. 2016-17ರ ಸೀಸನ್‌ನಿಂದ ಕೇಂದ್ರ ಹಿಂದಿನ ವರ್ಷದ ವಸಂತದ ಎಣಿಕೆಯನ್ನು ಆಧಾರವಾಗಿ ಬಳಸುತ್ತಿದೆ, ಹಾಗಾಗಿ ತೀರ್ಮಾನಗಳು ಬೇಸಿಗೆಗೆ ಮುಂಚೆಯೇ ಆಗಿಹೋಗುತ್ತವೆ. ಬೇಟೆಗಾರರಿಗೆ ತಾರೀಕಿನ ನೆನಪಾಗುವುದು ಆಗಸ್ಟಿನಲ್ಲಿ. ಆಗ ಬರೆದ ಪತ್ರ ಮುಂದಿನ ವರ್ಷಕ್ಕೂ ಹಳತಾಗಿರುತ್ತದೆ. ಬರೆಯುವ ಸಮಯ ಸೀಸನ್ ಮುಗಿದ ಕೂಡಲೇ, ಜನವರಿ-ಫೆಬ್ರವರಿಯಲ್ಲಿ. ತಾರೀಕು ಬೇಗ ಮಾಡಿ, ತಡ ಮಾಡಿ ಎಂದಷ್ಟೇ ಬರೆದರೆ ಎರಡು ಕಡೆಯ ಪತ್ರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಯಾವ ಕೌಂಟಿ, ಯಾವ ನೀರು, ಅದು ಯಾವ ತಾರೀಕಿಗೆ ಪೂರ್ತಿ ಗಟ್ಟಿಯಾಯಿತು, ಕೊನೆಯ ಎಷ್ಟು ದಿನ ದೋಣಿ ಇಳಿಸಲಾಗಲಿಲ್ಲ, ಸ್ಪ್ಲಿಟ್ಟಿನ ಯಾವ ದಿನಗಳನ್ನು ಎಲ್ಲಿಗೆ ಸರಿಸಬೇಕು ಎಂದು ಬರೆದ ಪತ್ರವನ್ನು ಬದಿಗಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಗೆರೆಯ ಬಗ್ಗೆ ದೂರಿದ್ದವರು ಅದೇ ಟಿಪ್ಪಣಿಯನ್ನು ವರ್ಷವರ್ಷ ಕೂಡಿಸಿಡುತ್ತಾ ಬರಲಿ. 2030ಕ್ಕೆ ಮುಗಿಯುವ ಅವಧಿಯ ನಂತರದ ಗೆರೆಗಳ ಚರ್ಚೆ ಅದಕ್ಕೂ ಒಂದೆರಡು ವರ್ಷ ಮೊದಲೇ ಶುರುವಾಗಿರುತ್ತದೆ.