ಹಳೇ ಎಕ್ಸ್‌ಪಿ, ಹೊಸ ಹಾರ್ಡ್ ಡಿಸ್ಕ್: ಐಡಿಇ ಇಡೋದಾ, ಎಎಚ್‌ಸಿಐ ಇಡೋದಾ?

ತೀರ್ಥಹಳ್ಳಿಯ ನಮ್ಮ ಮಾವನ ಮನೆಯಲ್ಲಿ ಅಡಿಕೆ ಲೆಕ್ಕಕ್ಕೆ ಒಂದು ಹಳೇ ಪ್ರೋಗ್ರಾಮ್ ಇದೆ. ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಅದು ಓಡುವುದಿಲ್ಲ. ಏಪ್ರಿಲ್‌ನಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿತು. "ಲೆಕ್ಕ ಎಲ್ಲಾ ಪೆನ್‌ಡ್ರೈವ್‌ನಲ್ಲಿದೆ ಮಾರಾಯ, ತೆರೆಯೋಕೆ ಕಂಪ್ಯೂಟರೇ ಇಲ್ಲವಲ್ಲ" ಅಂದರು ಮಾವ. ಶಿವಮೊಗ್ಗದಲ್ಲಿ 500 ಜಿಬಿಯ ಸಾಟಾ (ಹೊಸ ಬಗೆಯ ಕೇಬಲ್‌ನ) ಡಿಸ್ಕ್ ತಗೊಂಡು ಹೋದೆ.

ಎಕ್ಸ್‌ಪಿ ಸಿಡಿ ಹಾಕಿದರೆ, ಹಾರ್ಡ್ ಡಿಸ್ಕ್ ಸಿಗಲಿಲ್ಲ, ಎಫ್3 ಒತ್ತಿ ಹೊರಗೆ ಹೋಗಿ ಅಂತ ನೀಲಿ ಪರದೆ ಬಂತು. ಡಿಸ್ಕ್ ಚೆನ್ನಾಗೇ ಇತ್ತು. ಕಂಪ್ಯೂಟರ್ ಸಾಟಾ ಡಿಸ್ಕ್ ಜೊತೆ ಮಾತಾಡಲು ಎರಡು ವಿಧಾನ: ಹಳೇದು ಐಡಿಇ, ಹೊಸದು ಎಎಚ್‌ಸಿಐ. ಎಕ್ಸ್‌ಪಿ 2001ರದ್ದು, ಅದರ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ (ಆ ವಿಧಾನ ವಿಂಡೋಸ್‌ಗೆ ತಿಳಿಸುವ ಪ್ರೋಗ್ರಾಮ್) ಇಲ್ಲ. ಮಾವನ ಮದರ್‌ಬೋರ್ಡಿನ ಬಯಾಸ್ (ವಿಂಡೋಸ್‌ಗಿಂತ ಮೊದಲೇ ಶುರುವಾಗುವ ಸೆಟ್ಟಿಂಗ್ ಪ್ರೋಗ್ರಾಮ್) ಮಾತ್ರ ಎಎಚ್‌ಸಿಐನಲ್ಲೇ ಇತ್ತು.

ಎಲ್ಲಕ್ಕಿಂತ ಸುಲಭ ಐಡಿಇ. ಆನ್ ಮಾಡುವಾಗ ಡೆಲ್ ಕೀ ಒತ್ತಿ ಬಯಾಸ್‌ಗೆ ಹೋಗಿ, ಸಾಟಾ ಮೋಡ್ ಐಡಿಇ ಮಾಡಿ, ಎಫ್10 ಒತ್ತಿ ಉಳಿಸಿದರೆ ಆಯಿತು. ಸಿಡಿಗೆ ಡಿಸ್ಕ್ ತಕ್ಷಣ ಕಂಡಿತು. ಎಎಚ್‌ಸಿಐನಲ್ಲಿ ಸಿಗುವ ಎನ್‌ಸಿಕ್ಯು (ಡಿಸ್ಕ್ ತನ್ನ ಕೆಲಸಗಳ ಕ್ರಮ ತಾನೇ ಜೋಡಿಸಿಕೊಳ್ಳುವುದು) ಇಲ್ಲಿ ಸಿಗುವುದಿಲ್ಲ, ಆದರೆ ಲೆಕ್ಕ ಬರೆಯುವವರಿಗೆ ಅದರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇದೇ ಸಾಕು ಅಂದುಕೊಂಡು ಊರಿಗೆ ಬಂದೆ.

ಮೇ ತಿಂಗಳ ಗುಡುಗು ಶುರುವಾಯಿತು. ಮಲೆನಾಡಿನಲ್ಲಿ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುತ್ತೇವೆ, ಅಲ್ವಾ? ಮಾವನೂ ಹಾಗೇ ಮಾಡಿದ್ದರು. ಬಯಾಸ್ ಸೆಟ್ಟಿಂಗ್ ಉಳಿಸಿಡುವ ಬೋರ್ಡಿನ ಸಿಆರ್2032 ಗುಂಡಿ ಸೆಲ್ ಹಳೇದಾಗಿ ಸತ್ತಿತ್ತು. ಪ್ಲಗ್ ಕಿತ್ತ ಮೇಲೆ ಬಯಾಸ್ ತನ್ನ ಮೊದಲಿನ ಸೆಟ್ಟಿಂಗ್‌ಗೆ, ಅಂದರೆ ಎಎಚ್‌ಸಿಐಗೆ ಮರಳಿತು. ಬೆಳಿಗ್ಗೆ ವಿಂಡೋಸ್ ತೆರೆಯುವಷ್ಟರಲ್ಲಿ ನೀಲಿ ಪರದೆ, ಕೊನೆಗೆ 7ಬಿ ಅನ್ನುವ ಸಂಖ್ಯೆ, ಅಂದರೆ ವಿಂಡೋಸ್‌ಗೆ ತನ್ನ ಡಿಸ್ಕ್ ಸಿಗಲಿಲ್ಲ ಅಂತ. ಮತ್ತೆ ಐಡಿಇ ಮಾಡಿದರೆ ಸರಿಹೋಗುತ್ತದೆ. ಆದರೆ ಎಪ್ಪತ್ತರ ಮಾವನಿಗೆ ಫೋನಿನಲ್ಲಿ ಬಯಾಸ್ ಹೇಳಿಕೊಡುವುದು ಬಹಳ ಕಷ್ಟವಾಯಿತು.

ಹಾಗಾಗಿ ಎಎಚ್‌ಸಿಐನಲ್ಲೇ ಹಾಕಲು ಹೊರಟೆ. ಶುರುವಿನಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವುದು ಒಂದು ದಾರಿ. ಅಟ್ಟದ ಮೇಲಿದ್ದ ಫ್ಲಾಪಿಗಳ ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಐದರಲ್ಲಿ ಒಂದೂ ಓದಲಿಲ್ಲ. ಫ್ಲಾಪಿ ಡ್ರೈವ್ ಇಲ್ಲದವರು ಈ ದಾರಿ ಬಿಟ್ಟುಬಿಡಿ.

ಕೊನೆಗೆ ಎನ್‌ಲೈಟ್ ಹಿಡಿದೆ, ಅದು ಎಕ್ಸ್‌ಪಿ ಸಿಡಿಯನ್ನು ಬೇಕಾದ ಹಾಗೆ ಬದಲಿಸುವ ಪ್ರೋಗ್ರಾಮ್. ಬೇರೆ ಕಂಪ್ಯೂಟರ್‌ನಲ್ಲಿ ಎಕ್ಸ್‌ಪಿ ಸಿಡಿಗೆ ಬೋರ್ಡಿನ ಮುಖ್ಯ ಚಿಪ್‌ಗಳಿಗೆ (ಚಿಪ್‌ಸೆಟ್) ತಕ್ಕ ಎಎಚ್‌ಸಿಐ ಡ್ರೈವರ್ ಸೇರಿಸಿ ಹೊಸ ಸಿಡಿ ಬರೆದೆ. ಡ್ರೈವರನ್ನು 'ಟೆಕ್ಸ್ಟ್ ಮೋಡ್' ಅಂತ ಆರಿಸುವುದು ಮರೆಯಬೇಡಿ, ಇಲ್ಲದಿದ್ದರೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ. ಎಕ್ಸ್‌ಪಿಯ ತಿದ್ದುಪಡಿಗಳ ಕಟ್ಟು, ಸರ್ವಿಸ್ ಪ್ಯಾಕ್ 3 ಕೂಡ ಸೇರಿಸಿದೆ, ಯಾಕಂದರೆ ಮೊಟ್ಟಮೊದಲ ಎಕ್ಸ್‌ಪಿ 137 ಜಿಬಿಗಿಂತ ಜಾಸ್ತಿ ಜಾಗ ಬಳಸುವುದಿಲ್ಲ. ಒಂದು ಸಂಜೆ ಪೂರ್ತಿ ಹೋಯಿತು.

ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ 2014ರ ಏಪ್ರಿಲ್‌ಗೇ ನಿಂತಿದೆ, ಅದಕ್ಕೆ ಇಂಟರ್‌ನೆಟ್ ತಂತಿ ತೆಗೆದಿಟ್ಟಿದ್ದೇನೆ.

ನಿಮ್ಮ ಬೋರ್ಡ್ ಮೊದಲಿಂದಲೇ ಐಡಿಇಯಲ್ಲಿದ್ದರೆ ಸುಮ್ನೆ ಅದನ್ನೇ ಇಟ್ಟುಕೊಳ್ಳಿ. ಮಾವನ ಮನೆಗೆ ಮಾತ್ರ ಎನ್‌ಲೈಟೇ ಸರಿ. ಮೊನ್ನೆ ಬೇಕಂತಲೇ ಪ್ಲಗ್ ಕಿತ್ತು, ಸೆಲ್ ತೆಗೆದು, ಮತ್ತೆ ಹಾಕಿ ಆನ್ ಮಾಡಿದೆ. ಸೆಟ್ಟಿಂಗ್ ಅಳಿದಿದೆ ಅಂತ ಬಯಾಸ್ ಹೇಳಿದಾಗ ಮುಂದುವರಿಯಲು ಮಾವ ಎಫ್1 ಒತ್ತಿದರು. ದಿನಾಂಕ ತಪ್ಪಿತ್ತು, ಆದರೆ ಲೆಕ್ಕ ತೆರೆದುಕೊಂಡಿತು.